ಸವಾರನ ಕೀರ್ತಿ, ಕುದುರೆಯ ಶ್ರಮ

ವಿಜಯದಶಮಿಯ ರಾತ್ರಿ ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಅಶ್ವದಳವು ಮೈದಾನಕ್ಕಿಳಿದಾಗ ಮೈಸೂರಿನ ಪುರಜನರು ಮಾಡುವ ಕರತಾಡನವನ್ನು ಕೇಳದವರು ವಿರಳ. ಆದರೆ ಆ ಕುದುರೆಗಳಲ್ಲಿ ಒಂದರ ಹೆಸರನ್ನಾದರೂ ಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ಸವಾರನಿಗೆ ಪದಕ, ಕುದುರೆಗೆ ಹುರುಳಿ. ಇದೇ ಲೋಕದ ನ್ಯಾಯವಾಗಿದೆ. ಈ ನ್ಯಾಯಕ್ಕೆ ಗುರಿಯಾದ ಒಂದು ಅಶ್ವದ ವೃತ್ತಾಂತವನ್ನು ವಾಚಕರ ಮುಂದಿಡಬಯಸುತ್ತೇವೆ.

1918ನೆಯ ಇಸವಿ ಸೆಪ್ಟೆಂಬರ್ 23ರಂದು ಜೋಧಪುರದ ರಾವುತರೊಡಗೂಡಿ ಹೈಫಾ ಪಟ್ಟಣವನ್ನು ಹಿಡಿದ ಮೈಸೂರು ಲಾನ್ಸರ್ಸ್ ದಳವು 1953ರಲ್ಲಿ ಭಾರತ ಸೈನ್ಯದ 61ನೆಯ ಅಶ್ವದಳದಲ್ಲಿ ಲೀನವಾಯಿತು. ಆ ದಳದ ರಘುಬೀರ್ ಸಿಂಗರೇ 1982ರ ದೆಹಲಿಯ ಏಷ್ಯನ್ ಕ್ರೀಡೆಗಳಲ್ಲಿ ಶಹಜಾದಾ ಎಂಬ ಕುದುರೆಯನ್ನೇರಿ ಸುವರ್ಣಪದಕ ಪಡೆದವರು. ಅನಂತರ 36 ವರ್ಷಗಳ ಕಾಲ ಅಶ್ವಾರೋಹಣದಲ್ಲಿ ಯಾವ ಭಾರತೀಯನಿಗೂ ಆ ಕ್ರೀಡೆಗಳ ವೈಯಕ್ತಿಕ ಪದಕ ದೊರೆಯಲಿಲ್ಲ. ಆ ಕೊರತೆಯನ್ನು ನೀಗಿದವರು ಬೆಂಗಳೂರಿನ ಫವಾದ್ ಮಿರ್ಜಾ. ಅವರನ್ನು ಹೊತ್ತದ್ದು ಸೆನ್ಯೂರ್ ಮೆಡಿಕಾಟ್.

ಇದು 2006ರಲ್ಲಿ ಹುಟ್ಟಿದ, ಜರ್ಮನಿಯ ವೆಸ್ಟ್‌ಫಾಲಿಯಾ ತಳಿಯ ಕಂದು ಕುದುರೆ. ಮೊದಲು ಇದನ್ನೇರುತ್ತಿದ್ದವರು ಆ ದೇಶದ ಪ್ರಸಿದ್ಧ ಸವಾರಿಣಿ ಬೆಟಿನಾ ಹಾಯ್. ಪರದೇಶದ ಕುದುರೆಯಿಂದ ನಮಗೇನು ಹೆಮ್ಮೆಯೆಂದು ಮೂಗುಮುರಿಯುವವರು, ವಿಜಯನಗರದ ಅರಸರು ಭಟ್ಕಳ ಮೊದಲಾದ ರೇವುಗಳಿಂದ ಅರಬ್ಬೀ ಕುದುರೆಗಳನ್ನು ತರಿಸಿಕೊಂಡೇ ರಾಜ್ಯವನ್ನು ಕಾಪಾಡಿದುದನ್ನು ಸ್ಮರಿಸಬೇಕು. ನಮ್ಮ ಕುಣಿಗಲ್ ಕುದುರೆ ಫಾರಂ ಹೆಸರಾದುದು ಓಟದ ಕುದುರೆಗಳಿಗೆ. ಹಾರುವ ಕುದುರೆಯ ಜಾತಿಯೇ ಬೇರೆ.

ಈ ಸ್ಪರ್ಧೆಯಲ್ಲಿ ಮೂರು ಪರೀಕ್ಷೆಗಳುಂಟು. ಮೊದಲು ನಡಿಗೆಯ ವಿನಯ. ಬಳಿಕ ಬಯಲಿನ ನೀರು, ದಿಣ್ಣೆ, ಬೇಲಿಗಳನ್ನು ದಾಟುವ ಧೈರ್ಯ. ಕೊನೆಗೆ ಆವರಣದೊಳಗೆ ಬಣ್ಣದ ಅಡ್ಡಗೋಲುಗಳ ಮೇಲಿನ ನೆಗೆತ. ಅಡ್ಡಗೋಲು ಗೊರಸು ತಗುಲಿದರೆ ಉರುಳುವಂತಿರುತ್ತದೆ. ಉರುಳಿದರೆ 4 ದಂಡಾಂಕ. ದಂಡಾಂಕ ಕಡಮೆಯಿದ್ದವನೇ ಗೆದ್ದವನು. ಕುದುರೆಗೆ ಕಣ್ಣುಗಳಿರುವುದು ಮುಖದ ಪಾರ್ಶ್ವಗಳಲ್ಲಿ. ತನ್ನ ಹಣೆಯ ನೇರಕ್ಕೆ, ತೀರ ಹತ್ತಿರ ಇರುವುದು ಅದಕ್ಕೆ ಕಾಣದು. ಹಿಂದಿನ ಪರೀಕ್ಷೆಯ ದಣಿವನ್ನು ಹೊತ್ತು, ಸವಾರನ ಕೈಯನ್ನು ನಂಬಿ ಹಾರುವ ಪ್ರಾಣಿಯ ಸಾಹಸವನ್ನು ಏನೆಂದು ಬಣ್ಣಿಸಬೇಕು!

2018ರ ಆಗಸ್ಟ್‌ನಲ್ಲಿ ಜಕಾರ್ತದ ಏಷ್ಯನ್ ಕ್ರೀಡೆಗಳಲ್ಲಿ ಎರಡು ಪರೀಕ್ಷೆಗಳು ಮುಗಿದಾಗ ಮೆಡಿಕಾಟ್ 22.40 ದಂಡಾಂಕಗಳೊಡನೆ ಎಲ್ಲರಿಗಿಂತ ಮುಂದಿದ್ದಿತು. ಕೊನೆಯ ಪರೀಕ್ಷೆಯಲ್ಲಿ ಮತ್ತೆ 4 ಸೇರಿ 26.40 ಆಯಿತು. ಜಪಾನಿನ ಯೋಶಿಯಾಕಿ ಓಇವಾ ಅವರದು 22.70. ಆ ನಾಲ್ಕು ಅಂಕಗಳು ತಪ್ಪಿದ್ದರೆ ಸುವರ್ಣವು ನಮ್ಮದಾಗುತ್ತಿತ್ತು, ಅದೂ 0.30ರ ಅಂತರದಲ್ಲಿ. ದೊರೆತುದು ರಜತ, ತಂಡಕ್ಕೂ ರಜತವೇ.

2020ರಲ್ಲಿ ನಡೆಯಬೇಕಾಗಿದ್ದ ಟೋಕಿಯೋ ಒಲಿಂಪಿಕ್ಸ್ 2021ರಲ್ಲಿ ನಡೆಯಿತು. ಮೊದಲು ದಜಾರಾ ಎಂಬ ಮತ್ತೊಂದು ಕುದುರೆಯನ್ನು ಗೊತ್ತುಮಾಡಿದ್ದ ಮಿರ್ಜಾ ಕೊನೆಯಲ್ಲಿ ಮೆಡಿಕಾಟನ್ನೇ ಆರಿಸಿಕೊಂಡರು. ನಡಿಗೆಯಲ್ಲಿ 28.00 ದಂಡಾಂಕಗಳು ಮಾತ್ರ ಬಂದವು; ಬಯಲಿನಲ್ಲಿ ಹೊತ್ತು ಮೀರಿದುದಕ್ಕಾಗಿ 11.20 ಸೇರಿದವು. ಆಗಸ್ಟ್ 2ರಂದು ನೆಗೆತದ ಮೊದಲ ಸುತ್ತಿನಲ್ಲಿ 8 ಸೇರಿದರೂ, ಅಂತಿಮ ಸುತ್ತಿಗೆ ಆಯ್ಕೆಯಾದ ಇಪ್ಪತ್ತೈವರಲ್ಲಿ ಸ್ಥಾನ ದೊರಕಿತು. ಭಾರತದ ಸವಾರನೊಬ್ಬನು ಆ ಘಟ್ಟವನ್ನು ಮುಟ್ಟಿದುದು ಅದೇ ಮೊದಲು. ಕಡೆಗೆ 59.60 ದಂಡಾಂಕಗಳೊಡನೆ 23ನೆಯ ಸ್ಥಾನ. ಹದಿನೈದು ವರ್ಷದ ಆ ಕುದುರೆ ಆ ಒಂದೇ ದಿನ ಎರಡು ಸಲ ಕಣಕ್ಕಿಳಿದಿದ್ದಿತು.