ಬೆನ್ನುನೋವಿಗೆ ಸೂಜಿ ಚಿಕಿತ್ಸೆ: ಒಪ್ಪುವ ಮುನ್ನ ತಿಳಿಯಬೇಕಾದದ್ದೇನು?

ಬೆಂಗಳೂರು: ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆಯ ಸುತ್ತ ಮುಂಜಾನೆ ನಡೆಯುವ ಹಿರಿಯರ ಮಾತು ಬೆನ್ನು, ಸೊಂಟ, ಮೊಣಕಾಲಿನ ನೋವಿನತ್ತ ಹೊರಳುವುದು ಅಪರೂಪವೇನಲ್ಲ. ಮಾತ್ರೆ ನುಂಗಿ ಬೇಸತ್ತವರಿಗೆ, ಶಸ್ತ್ರಚಿಕಿತ್ಸೆಗೆ ಅಂಜುವವರಿಗೆ ಈಗ ನಡುವಿನ ದಾರಿಯೊಂದು ಕಾಣುತ್ತಿದೆ. ನೋವಿನ ಮೂಲಕ್ಕೇ ಸೂಜಿಯ ಮೂಲಕ ಮದ್ದು ತಲುಪಿಸುವ ಚಿಕಿತ್ಸೆ ದಕ್ಷಿಣ ಬೆಂಗಳೂರಿನ ಆಸ್ಪತ್ರೆ ಹಾಗೂ 'ಪೇನ್ ಕ್ಲಿನಿಕ್'ಗಳಲ್ಲಿ ದೊರೆಯುತ್ತಿದೆ. ಆದರೆ ಇದು ಯಾರಿಗೆ, ಎಷ್ಟು ಕಾಲ ನೆರವಾಗುತ್ತದೆ ಎಂಬ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲ.

ಮೂರು ತಿಂಗಳಿಗೂ ಮೀರಿ ಉಳಿಯುವ ಅಥವಾ ಮರುಕಳಿಸುವ ನೋವನ್ನು ದೀರ್ಘಕಾಲಿಕ ನೋವು ಎನ್ನಲಾಗುತ್ತದೆ. ಗಾಯ ಮಾಗಿದ ಮೇಲೂ ನರಗಳು ನೋವಿನ ಸಂದೇಶವನ್ನು ಮಿದುಳಿಗೆ ರವಾನಿಸುತ್ತಲೇ ಇರುವುದುಂಟು. ಆ ಸಂದೇಶವನ್ನು ದಾರಿಯಲ್ಲೇ ತಡೆಯುವುದು ಸೂಜಿ ಚಿಕಿತ್ಸೆಯ ಉದ್ದೇಶ. ಈ ಯತ್ನ ಹೊಸದಲ್ಲ. ಬೆನ್ನುಹುರಿಯ ಹೊರಪೊರೆಯ ಸುತ್ತಲಿನ ಜಾಗಕ್ಕೆ ಅರಿವಳಿಕೆ ಮದ್ದು ನೀಡುವ ಕ್ರಮವನ್ನು ಫ್ರಾನ್ಸ್‌ನ ಸಿಕಾರ್ ಮತ್ತು ಕ್ಯಾಥೆಲಿನ್ 1901ರಲ್ಲೇ ಪ್ರತ್ಯೇಕವಾಗಿ ವರದಿ ಮಾಡಿದ್ದರು.

ಹೇಗೆ ನಡೆಯುತ್ತದೆ?

ಹೆಚ್ಚುವರಿ ತರಬೇತಿ ಪಡೆದ ಅರಿವಳಿಕೆ ತಜ್ಞರೇ ಬಹುಪಾಲು ಈ ಚಿಕಿತ್ಸೆ ನೀಡುತ್ತಾರೆ. ಚರ್ಮವನ್ನಷ್ಟೇ ಮರಗಟ್ಟಿಸಿ, ಎಕ್ಸ್‌ರೇ ಪರದೆ ಅಥವಾ ಅಲ್ಟ್ರಾಸೌಂಡ್ ನೋಡುತ್ತಾ ಸೂಜಿಯನ್ನು ನಿಗದಿತ ಜಾಗಕ್ಕೆ ಒಯ್ಯಲಾಗುತ್ತದೆ. ಸಾಮಾನ್ಯವಾಗಿ ರೋಗಿ ಅದೇ ದಿನ ಮನೆಗೆ ಮರಳಬಹುದು.

ಬೆನ್ನುಮೂಳೆಯ ಡಿಸ್ಕ್ ಜಾರಿ ನರ ಒತ್ತಿದಾಗ ಕಾಲಿನುದ್ದಕ್ಕೂ ಸೆಳೆತ ಕಾಣಿಸಿಕೊಳ್ಳುತ್ತದೆ. ಇದೇ ಸಯಾಟಿಕಾ. ಇದಕ್ಕೆ ನೀಡುವ ಎಪಿಡ್ಯೂರಲ್ ಸ್ಟಿರಾಯ್ಡ್ ಚುಚ್ಚುಮದ್ದು ನರದ ಸುತ್ತಲಿನ ಉರಿಯೂತವನ್ನು ತಗ್ಗಿಸಲೆಂದು. ಜಾರಿದ ಡಿಸ್ಕನ್ನು ಅದು ಸ್ವಸ್ಥಾನಕ್ಕೆ ತಾರದು. ಉಪಶಮನ ದೊರೆತರೂ ಅದು ಕೆಲವು ವಾರ ಅಥವಾ ತಿಂಗಳುಗಳದ್ದು.

ಬೆನ್ನಿನ ಸಣ್ಣ ಕೀಲುಗಳು ಸವೆದು ನೋವು ಬಂದರೆ ಕ್ರಮ ಬೇರೆ. ಮೊದಲು ಆ ಕೀಲಿನ ನರಕ್ಕೆ ಅರಿವಳಿಕೆ ಮದ್ದು ನೀಡಿ ಪರೀಕ್ಷಿಸಲಾಗುತ್ತದೆ. ಕೆಲ ಗಂಟೆಗಳ ಕಾಲ ನೋವು ಗಣನೀಯವಾಗಿ ಇಳಿದರೆ ಮಾತ್ರ ಮುಂದಿನ ಹೆಜ್ಜೆ. ಆಗ ರೇಡಿಯೋ ತರಂಗದಿಂದ ಸುಮಾರು 80 ಡಿಗ್ರಿ ಸೆಲ್ಸಿಯಸ್ ಶಾಖ ನೀಡಿ ನರವನ್ನು ನಿಷ್ಕ್ರಿಯಗೊಳಿಸಲಾಗುತ್ತದೆ. ಆ ನರ ಮತ್ತೆ ಬೆಳೆಯುವುದರಿಂದ ನೋವು ಮರಳುವ ಸಾಧ್ಯತೆ ಇದ್ದೇ ಇದೆ. ಈ ಪರೀಕ್ಷೆಯನ್ನೇ ಬಿಟ್ಟು ನೇರವಾಗಿ ನರ ಸುಡುವ ಸಲಹೆ ಬಂದರೆ ರೋಗಿ ಕಾರಣ ಕೇಳುವುದು ಲೇಸು.

ಸಾಕ್ಷ್ಯ ಏನು ಹೇಳುತ್ತದೆ?

ಬ್ರಿಟಿಷ್ ಮೆಡಿಕಲ್ ಜರ್ನಲ್ 2025ರ ಫೆಬ್ರುವರಿಯಲ್ಲಿ ಪ್ರಕಟಿಸಿದ ಮಾರ್ಗಸೂಚಿ ಈ ಕ್ಷೇತ್ರದಲ್ಲಿ ಸಂಚಲನ ಮೂಡಿಸಿತು. ಕ್ಯಾನ್ಸರ್ ಹಾಗೂ ಉರಿಯೂತದ ಸಂಧಿವಾತಕ್ಕೆ ಸಂಬಂಧಿಸದ ದೀರ್ಘಕಾಲಿಕ ಬೆನ್ನು, ಕುತ್ತಿಗೆ ನೋವಿಗೆ ಎಪಿಡ್ಯೂರಲ್ ಚುಚ್ಚುಮದ್ದು, ನರ ಸುಡುವ ಚಿಕಿತ್ಸೆ ಮೊದಲಾದವನ್ನು ನೀಡದಿರುವಂತೆ ತಜ್ಞರ ಸಮಿತಿ ಬಲವಾಗಿ ಶಿಫಾರಸು ಮಾಡಿತು. ಹುಸಿ ಚಿಕಿತ್ಸೆಗೆ ಹೋಲಿಸಿದರೆ ಇವುಗಳಿಂದ ದೊರೆಯುವ ಲಾಭ ಅತ್ಯಲ್ಪ ಅಥವಾ ಶೂನ್ಯ ಎಂಬುದು ಸಮಿತಿಯ ನಿಲುವು. ನೋವು ತಜ್ಞರ ಸಂಘಟನೆಗಳು ಇದನ್ನು ಒಪ್ಪಲಿಲ್ಲ. ಬೇರೆ ಬೇರೆ ಕಾಯಿಲೆ, ಬೇರೆ ಬೇರೆ ವಿಧಾನಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗಿದೆ ಎಂಬುದು ಅವುಗಳ ಆಕ್ಷೇಪ.

ಕ್ಯಾನ್ಸರ್ ನೋವಿನ ಮಾತು ಬೇರೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಹೊಟ್ಟೆಯ ಹಿಂಭಾಗದ ನರಜಾಲಕ್ಕೆ ಆಲ್ಕೋಹಾಲ್ ಚುಚ್ಚಿ ನೋವು ತಗ್ಗಿಸುವುದು ಬಹುಕಾಲದಿಂದ ಬಳಕೆಯಲ್ಲಿದೆ. ಮಾರ್ಫಿನ್‌ನಂಥ ಔಷಧದ ಪ್ರಮಾಣವನ್ನೂ ಇದು ಇಳಿಸಬಲ್ಲದು. ಇಂಥ ರೋಗಿಗಳು ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ವಿಚಾರಿಸಬಹುದು. ಗುಣವಾಗದ ಹಂತ ತಲುಪಿದವರಿಗೆ ಮಾರತಹಳ್ಳಿ ಬಳಿಯ ಕರುಣಾಶ್ರಯ ಉಚಿತವಾಗಿ ಆರೈಕೆ ನೀಡುತ್ತದೆ.

ಅಪಾಯ ಮತ್ತು ಎಚ್ಚರ

ಸೋಂಕು, ರಕ್ತಸ್ರಾವ, ನರಕ್ಕೆ ಪೆಟ್ಟು ವಿರಳ. ಆದರೆ ಇಲ್ಲವೆಂದಲ್ಲ. ಎಪಿಡ್ಯೂರಲ್ ಸ್ಟಿರಾಯ್ಡ್‌ನಿಂದ ದೃಷ್ಟಿನಾಶ, ಪಾರ್ಶ್ವವಾಯುವಿನಂಥ ಗಂಭೀರ ತೊಂದರೆಗಳು ಅಪರೂಪಕ್ಕೆ ಸಂಭವಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಎಚ್ಚರಿಸಿತ್ತು. ಸ್ಟಿರಾಯ್ಡ್ ಪಡೆದ ಮಧುಮೇಹಿಗಳಲ್ಲಿ ಕೆಲ ದಿನ ಸಕ್ಕರೆ ಅಂಶ ಏರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಮೊದಲೇ ವೈದ್ಯರಿಗೆ ತಿಳಿಸಬೇಕು. ತಾವಾಗಿಯೇ ಆ ಮಾತ್ರೆ ನಿಲ್ಲಿಸಬಾರದು.

ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಕಾಲಿನ ಬಲ ಕುಂದುತ್ತಾ ಹೋದರೆ, ತೊಡೆಸಂದು ಮರಗಟ್ಟಿದರೆ ಸೂಜಿ ಚಿಕಿತ್ಸೆಗಾಗಿ ಕಾಯುವಂತಿಲ್ಲ. ತಕ್ಷಣ ಆಸ್ಪತ್ರೆಗೆ ಧಾವಿಸಬೇಕು.

ಉಳಿದವರಿಗೆ ಅವಸರವಿಲ್ಲ. ನನ್ನ ನೋವಿನ ಮೂಲ ಖಚಿತವಾಗಿದೆಯೇ? ಉಪಶಮನ ಎಷ್ಟು ಕಾಲ ಉಳಿಯಬಹುದು? ಒಟ್ಟು ಖರ್ಚೆಷ್ಟು, ವಿಮೆ ಭರಿಸುವುದೇ? ಫಲಿಸದಿದ್ದರೆ ಮುಂದೇನು? ಈ ನಾಲ್ಕು ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ಪಡೆದ ನಂತರವೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದು ಒಳಿತು. ಚುಚ್ಚುಮದ್ದು ಫಲಿಸಿದರೂ ನಡಿಗೆ, ಫಿಸಿಯೋಥೆರಪಿ, ತೂಕದ ಹಿಡಿತಗಳಿಗೆ ಅದು ಬದಲಿಯಾಗದು. ನೋವು ತಗ್ಗಿದ ಆ ಕೆಲವು ವಾರಗಳಲ್ಲಿ ಬೆನ್ನಿನ ಸ್ನಾಯುಗಳಿಗೆ ಬಲ ತುಂಬಿಕೊಂಡರಷ್ಟೇ ಸೂಜಿಗೆ ತೆತ್ತ ಹಣ ಸಾರ್ಥಕ.