ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಅಪ್ಪನ ಎದೆಯ ಬಿಸುಪು

37 ವಾರ ತುಂಬುವ ಮುನ್ನ ಹುಟ್ಟಿದ ಮಗುವಿನ ಮೈಯಲ್ಲಿ ಕೊಬ್ಬು ಕಡಿಮೆ, ಬೇಗ ತಣ್ಣಗಾಗುತ್ತದೆ. ಮೈಸೂರಿನ ಚೆಲುವಾಂಬ ಆಸ್ಪತ್ರೆಯಂಥ ಕಡೆ ಇಂಥ ಶಿಶುಗಳು ವಾರಗಟ್ಟಲೆ ಉಳಿಯಬೇಕಾಗಬಹುದು. ಸೈಟು ಮಾರಿಸುವ ಅಪ್ಪನಿಗೆ ಸಂಬಳದ ರಜೆಯಿಲ್ಲ, ನೋಂದಣಿಯಾದರಷ್ಟೇ ಕಮಿಷನ್. ‘ನಾನಿದ್ದು ಏನು ಮಾಡಲಿ ಡಾಕ್ಟ್ರೇ?’ ಎನ್ನುವವರುಂಟು.

ಮಾಡುವುದು ಬಹಳವಿದೆ. ವೈದ್ಯರು ಒಪ್ಪಿದ ಮೇಲೆ ಮಗುವನ್ನು ಬರಿ ಎದೆಗೆ ಒರಗಿಸಿಕೊಂಡು ಬಟ್ಟೆ ಹೊದಿಸಿ. 1978ರಲ್ಲಿ ಕೊಲಂಬಿಯಾದಲ್ಲಿ ಆರಂಭವಾದ ಈ ‘ಕಾಂಗರೂ ಆರೈಕೆ’ ದಿನಕ್ಕೆ 8ರಿಂದ 24 ಗಂಟೆ ಸಿಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಲಹೆ ನೀಡಿದೆ. ಬಾಣಂತಿ ಒಬ್ಬಳಿಗೇ ಇದು ಕಷ್ಟ. ಅಪ್ಪ 2 ಗಂಟೆ ಕೂತರೆ ಆಕೆ ಉಂಡು ಮಲಗಬಹುದು.

ಬಡಾವಣೆಯ ಧೂಳಿನಿಂದ ನೇರವಾಗಿ ಬರಬೇಡಿ. ಸ್ನಾನ ಮಾಡಿ, ಒಗೆದ ಬಟ್ಟೆ ತೊಟ್ಟು, ಮೊಣಕೈವರೆಗೆ ಸೋಪಿನಿಂದ ತೊಳೆದುಕೊಳ್ಳಿ. ಮೊಬೈಲ್ ಹೊರಗಿರಲಿ. ನೆಗಡಿಯಿದ್ದರೆ ಒಳಗೆ ಹೋಗಬೇಡಿ. ಗಿರಾಕಿಗೆ ಸಮಯ ಕೊಡುವ ಮೊದಲು ನರ್ಸಮ್ಮನನ್ನು ಕೇಳಿ ಮಗುವಿನ ಸಮಯ ಗೊತ್ತುಮಾಡಿಕೊಳ್ಳಿ.