ಹಾಲು ಹೆಚ್ಚಾಗಿಯೇ ಎದೆ ಕಟ್ಟುತ್ತದೆಯೇ?

ಹೆರಿಗೆಯಾದ ಮೂರ್ನಾಲ್ಕನೇ ದಿನ ಬಾಣಂತಿಯ ಎದೆ ಕಲ್ಲಿನಂತೆ ಬಿಗಿದುಕೊಂಡರೆ ಮನೆಯ ಹಿರಿಯರು ‘ಹಾಲು ಜಾಸ್ತಿಯಾಗಿದೆ’ ಅನ್ನುತ್ತಾರೆ. ಆದರೆ ಆ ಊತದಲ್ಲಿ ಹಾಲಿನ ಜೊತೆಗೆ ರಕ್ತ ಮತ್ತು ಅಂಗಾಂಶದಲ್ಲಿ ಸೇರಿಕೊಂಡ ನೀರೂ ಇರುತ್ತದೆ.

ಮಾಸು ಹೊರಬಿದ್ದೊಡನೆ ತಾಯಿಯ ದೇಹದಲ್ಲಿ ಪ್ರೊಜೆಸ್ಟರಾನ್ ಹಾರ್ಮೋನು ಕುಸಿಯುತ್ತದೆ. ಬಸಿರಿನುದ್ದಕ್ಕೂ ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನಿನ ಕೆಲಸವನ್ನು ತಡೆದಿದ್ದುದು ಅದೇ. ತಡೆ ಹೋದ ಮೇಲೆ ಸ್ತನಗಳಿಗೆ ರಕ್ತದ ಹರಿವು ಹೆಚ್ಚಿ, ಗಿಣ್ಣುಹಾಲಿನ ಜಾಗದಲ್ಲಿ ಹಾಲು ಧಾರಾಳವಾಗಿ ಇಳಿಯತೊಡಗುತ್ತದೆ. ಆಗ ಮಗು ಕುಡಿಯದಿದ್ದರೆ ಹಾಲಿನ ಚೀಲಗಳು ಉಬ್ಬಿ ಸುತ್ತಲಿನ ರಕ್ತನಾಳ, ದುಗ್ಧರಸನಾಳಗಳನ್ನು ಅದುಮುತ್ತವೆ. ನೀರು ಅಲ್ಲೇ ನಿಲ್ಲುತ್ತದೆ. ತೊಟ್ಟಿನ ಸುತ್ತಲಿನ ಕಪ್ಪು ಭಾಗ ಗಟ್ಟಿಯಾಗಿ ತೊಟ್ಟು ಚಪ್ಪಟೆಯಾಗುತ್ತದೆ. ಮಗುವಿನ ಬಾಯಿಗೆ ಅದು ಸಿಗುವುದಿಲ್ಲ, ಎದೆ ಇನ್ನಷ್ಟು ಕಟ್ಟುತ್ತದೆ.

ಹಾಗಾದರೆ ಮಗು ಕುಡಿಯದಂತೆ ತಡೆಯುವುದೇನು? ಬಹುಪಾಲು ನಮ್ಮ ವ್ಯವಸ್ಥೆಯೇ. ಮೊದಲ ಹಾಲೂಡಿಕೆ ತಡವಾಗುವುದು, ಮಗುವನ್ನು ತಾಯಿಯಿಂದ ದೂರ ಮಲಗಿಸುವುದು, ಜೇನುತುಪ್ಪ, ಸಕ್ಕರೆನೀರು ನೆಕ್ಕಿಸಿ ಹಸಿವು ಕೊಲ್ಲುವುದು, ಗಡಿಯಾರ ನೋಡಿ ಹಾಲೂಡಿಸುವುದು, ‘ಬಾಣಂತಿ ಮಲಗಲಿ’ ಎಂದು ರಾತ್ರಿಯ ಸರದಿಗೆ ಡಬ್ಬಿಹಾಲು ಕೊಡುವುದು. ಸಿಸೇರಿಯನ್ ಆದವರಿಗೆ ಹಾಲು ಇಳಿಯುವುದೇ ಒಂದೆರಡು ದಿನ ತಡವಾಗಬಹುದು. ಹೆರಿಗೆಯ ಹೊತ್ತಿನಲ್ಲಿ ಹೆಚ್ಚು ಡ್ರಿಪ್ ಹಾಕಿದ್ದರೆ ಊತವೂ ಹೆಚ್ಚು. ಮಗು ಬರೀ ತೊಟ್ಟನ್ನಷ್ಟೇ ಕಚ್ಚಿಕೊಂಡರೆ ಎಷ್ಟು ಹೊತ್ತು ಚೀಪಿದರೂ ಎದೆ ಖಾಲಿಯಾಗದು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಶೇ 88.6 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗಿದ್ದವು. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು ಮಾತ್ರ ಶೇ 41.8 ಮಕ್ಕಳಿಗೆ. ವೈದ್ಯರು, ದಾದಿಯರು ಪಕ್ಕದಲ್ಲೇ ಇದ್ದೂ ಹೀಗಾದರೆ ತಪ್ಪನ್ನು ಬಾಣಂತಿಯ ಮೇಲೆ ಹೊರಿಸುವುದು ಅನ್ಯಾಯ.

ಕಟ್ಟಿದ ಎದೆಯನ್ನು ಬಲವಾಗಿ ತಿಕ್ಕಬಾರದು, ಊತ ಹೆಚ್ಚುತ್ತದೆ. ಪಂಪಿನಿಂದ ಪೂರ್ತಿ ಬರಿದು ಮಾಡುತ್ತ ಹೋದರೆ ದೇಹ ಇನ್ನಷ್ಟು ಹಾಲು ತಯಾರಿಸುತ್ತದೆ. ತೊಟ್ಟಿನ ಸುತ್ತ ಬೆರಳುಗಳಿಂದ ಒಂದು ನಿಮಿಷ ಮೆಲ್ಲಗೆ ಒತ್ತಿ ಹಿಡಿದರೆ ನೀರು ಹಿಂದೆ ಸರಿದು ಆ ಭಾಗ ಮೆತ್ತಗಾಗುತ್ತದೆ. ಆಗ ಮಗುವಿಗೆ ಹಿಡಿತ ಸಿಗುತ್ತದೆ. ಕುಡಿಸಿದ ಬಳಿಕ ತಣ್ಣೀರ ಬಟ್ಟೆ ನೋವಿಗೆ ಹಿತ. ಜ್ವರ ಏರಿದರೆ, ಒಂದು ಕಡೆ ಕೆಂಪಾಗಿ ಸುಡತೊಡಗಿದರೆ ಮನೆಮದ್ದಿಗೆ ಕಾಯದೆ ವೈದ್ಯರಿಗೆ ತೋರಿಸಿ.